ನಿಮಗಿದು ಗೊತ್ತೇ? ಕಲೆಗೆ ತಕ್ಕ ದ್ರಾವಕ

ಕಡಲಿನ ಹಾಯಿದೋಣಿಗೂ ನಮ್ಮ ಅಡಿಕೆ ಕಣದ ತಾಡಪಾಲಿಗೂ ಏನು ಸಂಬಂಧ? ಎರಡೂ ಬಿಸಿಲಿಗೆ ಸವೆಯುತ್ತವೆ, ಎರಡಕ್ಕೂ ಬೂಷ್ಟು ಹಿಡಿಯುತ್ತದೆ, ಎರಡನ್ನೂ ತೊಳೆಯಲು ತಕ್ಕ ದ್ರಾವಕ ಬೇಕು. ಕಲೆ ಯಾವುದು, ಅದು ಕೂತಿರುವ ವಸ್ತು ಯಾವುದು, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆ ಕೇಳಿಕೊಂಡವರಿಗೆ ದ್ರಾವಕದ ಆಯ್ಕೆ ಸುಲಭ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮನೆ, ಹೊಲಗಳಿಗೆ ಬೇಕಾದ ಸಂಗತಿಗಳು ಇಲ್ಲಿವೆ.

ಹಾಯಿಯಿಂದ ತಾಡಪಾಲಿನವರೆಗೆ

● ಇಂದಿನ ಬಹುಪಾಲು ಹಾಯಿಗಳು ಪಾಲಿಯೆಸ್ಟರ್ ಬಟ್ಟೆಯವು. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಈ ನೂಲೇ ನಮ್ಮ ಅಂಗಿ, ಸೀರೆಗಳಲ್ಲೂ ಇದೆ. ಹಾಯಿಗೆ ಬೇಕಾದ ಮೊದಲ ದ್ರಾವಕ ಬರೀ ಸಿಹಿನೀರು. ಉಪ್ಪಿನ ಹರಳು ಉಳಿದರೆ ಅದು ತೇವ ಎಳೆದುಕೊಳ್ಳುತ್ತದೆ, ನೂಲನ್ನೂ ಉಜ್ಜಿ ಸವೆಸುತ್ತದೆ.

● ಗಾಳಿ ಹಿಂದಿನಿಂದ ಬೀಸುವಾಗ ಬಿಚ್ಚುವ ಬಣ್ಣಬಣ್ಣದ ದೊಡ್ಡ ಹಾಯಿ ಸಾಮಾನ್ಯವಾಗಿ ನೈಲಾನಿನದು. ಬ್ಲೀಚ್ ತಾಗಿದರೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ನೈಲಾನ್ ಹಗ್ಗ, ಮೀನಿನ ಬಲೆಗಳಿಗೂ ಇದೇ ಮಾತು ಅನ್ವಯ.

● ಕಣಕ್ಕೆ ಹಾಸುವ ಪ್ಲಾಸ್ಟಿಕ್ ತಾಡಪಾಲು ಪಾಲಿಥಿನ್‌ನದು. ಮನೆಯಲ್ಲಿ ಸಿಗುವ ಯಾವ ದ್ರಾವಕವೂ ಸಾಮಾನ್ಯ ಉಷ್ಣತೆಯಲ್ಲಿ ಅದನ್ನು ಕರಗಿಸದು. ಅದರ ನಿಜವಾದ ಶತ್ರು ಬಿಸಿಲು. ಸೋಪಿನ ಪುಡಿ ಬೆರೆಸಿದ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಮಡಚಿ ನೆರಳಿನಲ್ಲಿ ಇಟ್ಟರೆ ಬಾಳಿಕೆ ಹೆಚ್ಚು.

● ಬೂಷ್ಟು ಪ್ಲಾಸ್ಟಿಕ್ಕನ್ನು ತಿನ್ನುವುದಿಲ್ಲ. ಅದರ ಮೇಲೆ ಕೂತ ಮಣ್ಣು, ಸೊಪ್ಪು, ಹಿಟ್ಟನ್ನು ತಿಂದು ಬೆಳೆಯುತ್ತದೆ. ಕೊಳೆ ತೆಗೆದರೆ ಬೂಷ್ಟಿಗೆ ಊಟವಿಲ್ಲ.

 

ಚನ್ನಗಿರಿ: ಚೊಗರಿನ ಕಪ್ಪು

● ಅಡಿಕೆ ಸುಲಿಯುವವರ ಬೆರಳು ಕಪ್ಪಾಗುವುದೇಕೆ? ಹಸಿ ಅಡಿಕೆಯ ಟ್ಯಾನಿನ್ ಕತ್ತಿಯ ಕಬ್ಬಿಣದೊಂದಿಗೆ ಸೇರಿ, ಗಾಳಿ ತಾಗಿದೊಡನೆ ಕಡುಗಪ್ಪು ಬಣ್ಣವಾಗುತ್ತದೆ. ಹಳೆಯ ಕಾಲದಲ್ಲಿ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ರಸಾಯನದಿಂದ.

● ಈ ಕಲೆಗೆ ಮೊದಲು ಸೋಪು ಹಚ್ಚಬೇಡಿ. ಕ್ಷಾರ ತಾಗಿದರೆ ಟ್ಯಾನಿನ್ ಇನ್ನಷ್ಟು ಗಾಢವಾಗುತ್ತದೆ. ಅರ್ಧ ನಿಂಬೆಹಣ್ಣನ್ನು ಬೆರಳ ಸಂದಿ, ಉಗುರಿನ ಅಂಚಿಗೆ ಉಜ್ಜಿ ಎರಡು ನಿಮಿಷ ಬಿಡಿ. ನಿಂಬೆಯ ಆಮ್ಲ ಕಬ್ಬಿಣವನ್ನು ಹಿಡಿದುಕೊಂಡಂತೆ ಕಪ್ಪು ಕಂದಾಗಿ, ಕಂದು ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ಸೋಪಿನ ಸರದಿ ಆಮೇಲೆ. ಕೈಯಲ್ಲಿ ಗಾಯವಿದ್ದರೆ ನಿಂಬೆ ಬೇಡ.

● ಬಟ್ಟೆಯ ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ ಪರಿಣಾಮಕಾರಿ. ದೋಣಿಯ ಮೇಲಿನ ತುಕ್ಕಿನ ಗೆರೆಗೂ ಜಗತ್ತಿನಾದ್ಯಂತ ಅದನ್ನೇ ಬಳಸುತ್ತಾರೆ. ಆದರೆ ಅದು ವಿಷ, ಮೂತ್ರಪಿಂಡಕ್ಕೆ ಹಾನಿಕರ. ಕೈಗವಸಿಲ್ಲದೆ ಮುಟ್ಟಬೇಡಿ, ಅಡುಗೆಮನೆಯಲ್ಲಿ ಇಡಬೇಡಿ.

● ಹಲಸಿನ ಮೇಣ ನೀರಿಗೆ ಜಗ್ಗದು, ಎಣ್ಣೆಗೆ ಬಿಡುತ್ತದೆ. ಹಣ್ಣು ಕೊಯ್ಯುವ ಮುನ್ನ ಕೈಗೂ ಕತ್ತಿಗೂ ಎಣ್ಣೆ ಸವರುವ ನಮ್ಮ ಹಿರಿಯರ ಪದ್ಧತಿ ಅಪ್ಪಟ ರಸಾಯನಶಾಸ್ತ್ರ.

● ಅಲ್ಯೂಮಿನಿಯಂ ಪಾತ್ರೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಕೊಳೆಯ ಜೊತೆ ಪಾತ್ರೆಯೂ ಕರಗುತ್ತದೆ. ಆಗ ಹೊರಬರುವ ಹೈಡ್ರೋಜನ್ ಅನಿಲ ಬೆಂಕಿಗೆ ಸಿಕ್ಕರೆ ಸ್ಫೋಟಿಸಬಲ್ಲದು.

● ತಾಮ್ರ, ಹಿತ್ತಾಳೆಗೆ ಹುಣಸೆಹುಳಿ ಸಾಕು. ಅದರ ಟಾರ್ಟಾರಿಕ್ ಆಮ್ಲ ಮೇಲಿನ ಕಿಲುಬನ್ನಷ್ಟೇ ಕರಗಿಸಿ ಲೋಹವನ್ನು ಬಹುಮಟ್ಟಿಗೆ ಉಳಿಸುತ್ತದೆ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು ಒರೆಸುವುದು ಮುಖ್ಯ.

ಹೊನ್ನಾಳಿ: ತೆಪ್ಪ, ಡಾಂಬರು, ಸೀಮೆಎಣ್ಣೆ

● ತುಂಗಭದ್ರೆಯ ತೆಪ್ಪಕ್ಕೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಬಿದಿರಿನ ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಡಾಂಬರು. ನೀರು ಒಳಬಾರದಂತೆ ತಡೆಯುವ ಡಾಂಬರು ನೀರಿನಲ್ಲಿ ಕರಗುವುದೂ ಇಲ್ಲ; ಎಣ್ಣೆಯಂಥ ದ್ರಾವಕಕ್ಕೆ ಮಾತ್ರ ಕರಗುತ್ತದೆ.

● ಕೈಗೆ ಮೆತ್ತಿದ ಡಾಂಬರಿಗೆ ಸೀಮೆಎಣ್ಣೆ ಬೇಡ, ಅದು ಚರ್ಮದ ಜಿಡ್ಡನ್ನೂ ಎಳೆದು ಬಿರುಕು ಬಿಡಿಸುತ್ತದೆ. ಕೊಬ್ಬರಿ ಎಣ್ಣೆಯೋ ತುಪ್ಪವೋ ಸವರಿ, ಡಾಂಬರು ಮೆತ್ತಗಾದ ಮೇಲೆ ಬಟ್ಟೆಯಿಂದ ಒರೆಸಿ ಸೋಪಿನಲ್ಲಿ ತೊಳೆಯಿರಿ. ಬಿಸಿ ಡಾಂಬರು ಬಿದ್ದು ಸುಟ್ಟಿದ್ದರೆ ಕೀಳಲೇಬೇಡಿ. ತಣ್ಣೀರು ಸುರಿಯುತ್ತಾ ಆಸ್ಪತ್ರೆಗೆ ಹೊರಡಿ.

● ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಹೊತ್ತಿಕೊಳ್ಳಬಲ್ಲದು. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯನ್ನು ತಲುಪುತ್ತದೆ. ಬೈಕಿನ ಚೈನು ತೊಳೆಯಲೂ ಪೆಟ್ರೋಲ್ ಸಲ್ಲದು. ಸೀಮೆಎಣ್ಣೆ ಹೊತ್ತಿಕೊಳ್ಳಲು ಸುಮಾರು 38 ಡಿಗ್ರಿ ಬೇಕು. ನಮ್ಮ ಏಪ್ರಿಲ್ ಬಿಸಿಲು ಅಷ್ಟನ್ನು ಮುಟ್ಟುತ್ತದೆ.

● ಅಗಸೆ ಎಣ್ಣೆಯ ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಿನಲ್ಲಿ ಒಣಹಾಕಿ.

● ಮಗು ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬಾರದು. ಹೊಟ್ಟೆಗಿಂತ ಹೆಚ್ಚಿನ ಅಪಾಯ ಅದು ಶ್ವಾಸಕೋಶಕ್ಕೆ ಇಳಿದಾಗ. ತಂಪು ಪಾನೀಯದ ಬಾಟಲಿಯಲ್ಲಿ ಯಾವ ದ್ರಾವಕವನ್ನೂ ತುಂಬಿಡಬೇಡಿ.

ನ್ಯಾಮತಿ: ಕನ್ನಡಿ ಕಸೂತಿ

● ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಫೆಬ್ರವರಿಯ ಜಯಂತಿಗೆ ಬರುವ ಲಂಬಾಣಿ ಹೆಣ್ಣುಮಕ್ಕಳ ಉಡುಗೆಯಲ್ಲಿ ಹತ್ತಿ ಬಟ್ಟೆ, ಬಣ್ಣದ ನೂಲು, ಕನ್ನಡಿ, ಲೋಹದ ಬಿಲ್ಲೆ ಒಟ್ಟಿಗಿರುತ್ತವೆ. ನಾಲ್ಕಕ್ಕೂ ಒಗ್ಗುವುದು ತಣ್ಣೀರು ಮತ್ತು ಸೌಮ್ಯ ಸೋಪು ಮಾತ್ರ.

● ಕನ್ನಡಿಯ ಬೆನ್ನಿನ ಲೇಪಕ್ಕೆ ಆಮ್ಲವೂ ಅಮೋನಿಯಾವೂ ಆಗದು, ಅಂಚಿನಿಂದ ಕಪ್ಪು ಹಬ್ಬುತ್ತದೆ. ನಿಂಬೆ, ವಿನೆಗರ್ ಎರಡನ್ನೂ ದೂರವಿಡಿ.

● ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒಳ ಅಂಚಿಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಹಾಯಿ ತೊಳೆಯುವವರೂ ಮೊದಲು ಮೂಲೆಯಲ್ಲೇ ಪರೀಕ್ಷಿಸುತ್ತಾರೆ.

● ಡ್ರೈ ಕ್ಲೀನಿಂಗ್‌ನಲ್ಲಿ ಬಟ್ಟೆ ಒದ್ದೆಯಾಗದು ಎಂಬುದು ತಪ್ಪು ತಿಳಿವಳಿಕೆ. ನೀರಿನ ಬದಲು ಬೇರೊಂದು ದ್ರಾವಕದಲ್ಲಿ ಅದನ್ನು ನೆನೆಸಲಾಗುತ್ತದೆ.

● ಅಸಿಟೋನ್ ಉಗುರುಬಣ್ಣವನ್ನು ಕ್ಷಣದಲ್ಲಿ ತೆಗೆಯುತ್ತದೆ. ಆದರೆ ಥರ್ಮಾಕೋಲನ್ನೂ ಅಸಿಟೇಟ್ ಬಟ್ಟೆಯನ್ನೂ ಕರಗಿಸುತ್ತದೆ, ಹೆಲ್ಮೆಟ್ಟಿನ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳವನ್ನು ಬಿರುಕು ಬಿಡಿಸುತ್ತದೆ.

ಜಗಳೂರು: ಗಡಸು ನೀರು, ಹನಿ ಪೈಪು

● ಕೊಳವೆಬಾವಿಯ ಗಡಸು ನೀರಲ್ಲಿ ಸೋಪು ನೊರೆ ಕೊಡದೆ ಬಿಳಿ ಕೆನೆಯಾಗಿ ಬಟ್ಟೆಗೆ ಅಂಟುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದಕ್ಕೆ ಕಾರಣ. ಇಂಥ ನೀರಿಗೆ ಡಿಟರ್ಜೆಂಟ್ ಒಳ್ಳೆಯದು.

● ಹನಿ ನೀರಾವರಿಯ ತೂತುಗಳಲ್ಲಿ ಕಟ್ಟುವ ಸುಣ್ಣಕ್ಕೆ ಆಮ್ಲ ಬೇಕು, ಪಾಚಿಗೆ ಕ್ಲೋರಿನ್ ಬೇಕು. ಎರಡನ್ನೂ ಒಂದೇ ಸಲ ಹಾಕಬಾರದು. ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಬೇಕು. ನೀರನ್ನು ಆಮ್ಲಕ್ಕೆ ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ.

● ಮೆಕ್ಕೆಜೋಳಕ್ಕೆ 2,4-ಡಿ ಕಳೆನಾಶಕ ಹೊಡೆದ ಪಂಪನ್ನು ಬರೀ ನೀರಲ್ಲಿ ತೊಳೆದು ಹತ್ತಿಗೋ ಟೊಮೆಟೊಗೋ ಬಳಸಿದರೆ ಉಳಿದ ಹನಿಗಳೇ ಎಲೆಯನ್ನು ಮುರುಟಿಸುತ್ತವೆ. ನೀರಿಗೆ ಸ್ವಲ್ಪ ಅಮೋನಿಯಾ ಬೆರೆಸಿ ರಾತ್ರಿಯಿಡೀ ಬಿಟ್ಟು ತೊಳೆಯುವ ಕ್ರಮವಿದೆ. ಕಳೆನಾಶಕಕ್ಕೆ ಬೇರೆಯೇ ಪಂಪ್ ಇಡುವುದು ಇನ್ನೂ ಕ್ಷೇಮ.

● ಔಷಧಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಅದೇ ಬೆಳೆಗೆ ಸಿಂಪಡಿಸುವುದು ಜಗತ್ತು ಒಪ್ಪಿದ ಕ್ರಮ. ಒಂದು ಸಲ ತುಂಬಾ ನೀರು ಹಾಕುವುದಕ್ಕಿಂತ ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿದರೆ ಹೆಚ್ಚು ವಿಷ ಹೊರಬರುತ್ತದೆ.

● ಕಂಬಳಿಗೆ ಬ್ಲೀಚ್ ಹಾಕಲೇಬಾರದು. ಉಣ್ಣೆ ಮತ್ತು ರೇಷ್ಮೆ ಪ್ರೋಟೀನುಗಳು. ಬ್ಲೀಚಿನಲ್ಲಿ ನೂಲೇ ಕರಗಿಹೋಗುತ್ತದೆ. ಅಂಟುವಾಳದ ನೊರೆ ಕಂಬಳಿಗೆ ಹಿತ.

● ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೇಲಿನ ತೆಳು ಕ್ರೋಮಿಯಂ ಆಕ್ಸೈಡ್ ಪದರದಿಂದ. ಬ್ಲೀಚ್, ಉಪ್ಪು ಎರಡೂ ಆ ಪದರದಲ್ಲಿ ಸಣ್ಣ ಗುಂಡಿ ತೋಡುತ್ತವೆ. ಕಡಲ ದೋಣಿಗಳಿಗೆ ಮಾಲಿಬ್ಡಿನಂ ಬೆರೆಸಿದ 316 ದರ್ಜೆಯ ಸ್ಟೀಲ್ ಬಳಸುವುದು ಇದೇ ಕಾರಣಕ್ಕೆ.

ಇವಂತೂ ನೆನಪಿರಲಿ

● ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಯುದ್ಧಭೂಮಿಯಲ್ಲಿ ಸೈನಿಕರನ್ನು ಕೊಂದ ಅನಿಲವೂ ಅದೇ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಇಂಥ ಪ್ರಯೋಗ ಬೇಡವೇ ಬೇಡ.

● ಸೀಗೆಕಾಯಿ, ಅಂಟುವಾಳದ ನೊರೆಗೆ ಕಾರಣ ಸಪೋನಿನ್. ನಮಗೆ ಸೌಮ್ಯವಾದ ಇದು ಮೀನಿನ ಕಿವಿರಿಗೆ ವಿಷ. ಸಹಜವಾದದ್ದೆಲ್ಲ ಕೆರೆಗೆ ಸುರಕ್ಷಿತವಲ್ಲ.

● ಅಡಿಕೆ ಚೊಗರಿನಂಥ ಕಲೆ ಬಿಟ್ಟರೆ ದ್ರಾವಕದ ಆಯ್ಕೆಗೆ ಕ್ರಮವಿದೆ: ಮೊದಲು ನೀರು, ಆಮೇಲೆ ಸೋಪು, ಆಮೇಲೆ ನಿಂಬೆ ಅಥವಾ ಎಣ್ಣೆ, ಕೊನೆಗೆ ಅಂಗಡಿಯ ರಾಸಾಯನಿಕ. ಸೌಮ್ಯವಾದದ್ದು ಸೋತ ಮೇಲಷ್ಟೇ ಕಟುವಾದದ್ದನ್ನು ಮುಟ್ಟಿ.

● ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಹೊಲಕ್ಕಷ್ಟೇ ಅಲ್ಲ, ಚಿತ್ರದುರ್ಗದ ನಲ್ಲಿಗಳಿಗೂ ನೀರು ಕೊಡುತ್ತದೆ. ಆ ಕೆರೆಯ ದಂಡೆಯಲ್ಲಾಗಲಿ, ತುಂಗಭದ್ರೆಯ ಮೆಟ್ಟಿಲಲ್ಲಾಗಲಿ ಔಷಧಿ ಪಂಪು, ಡೀಸೆಲ್ ಡಬ್ಬಿ, ಬಣ್ಣದ ಬ್ರಷ್ಷು ತೊಳೆಯಬೇಡಿ. ಪಕ್ಕದವರು ತೊಳೆಯುತ್ತಿದ್ದರೆ ತಡೆದು ಹೇಳಿ: ಈ ನೀರನ್ನು ನಾಳೆ ಯಾರೋ ಕುಡಿಯುತ್ತಾರೆ.