ಬನಶಂಕರಿಯ ಹೊಂಡ

ಮಲಪ್ರಭೆಯ ದಡದ ಹೊಳೆಆಲೂರಿನಿಂದ ಬಾದಾಮಿಗೆ ರೇಲ್ವೆಯಲ್ಲಿ ಸಾಗಿ, ಚೊಳಚಗುಡ್ಡದ ಬನಶಂಕರಿಯ ದರ್ಶನ ಪಡೆಯುವುದು ಈ ಸೀಮೆಯವರಿಗೆ ತವರಿಗೆ ಹೋದಂತೆ. ಚಾಲುಕ್ಯರ ಕಾಲದ ಕ್ಷೇತ್ರವಿದು. ಈಗಿನ ಗುಡಿಯನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆಯು ಕಟ್ಟಿಸಿದನೆನ್ನುವರು. ಕ್ಷಾಮದಲ್ಲಿ ಕಾಯಿಪಲ್ಯವಿತ್ತು ಲೋಕವನ್ನು ಪೊರೆದ ಶಾಕಂಭರಿಯೇ ಈ ಸಿಂಹವಾಹಿನಿಯೆಂದು ಭಕ್ತರ ನಂಬಿಗೆ. ಅದರಿಂದಲೇ ಬನದ ಹುಣ್ಣಿವೆಗೆ ಮುನ್ನ 108 ಬಗೆಯ ಪಲ್ಯಗಳ ನೈವೇದ್ಯ, ಹುಣ್ಣಿವೆಯಂದು ತೇರು, ಬಳಿಕ ವಾರಗಟ್ಟಲೆ ನಾಟಕ ಕಂಪನಿಗಳ ಆಟ.

ಗುಡಿಯೆದುರಿನ ಹರಿದ್ರಾತೀರ್ಥವು ಕಲ್ಲಿನಿಂದ ಕಟ್ಟಿದ ವಿಶಾಲವಾದ ಹೊಂಡ. ಬರವನ್ನು ಬಲ್ಲ ಈ ನಾಡಿನ ಹಿರಿಯರಿಗೆ ನೀರನ್ನು ಕಾಯ್ದಿಡುವುದೂ ದೇವಿಯ ಸೇವೆಯೇ ಆಗಿತ್ತು. ಜಾತ್ರೆಗೆ ಬರುವ ನಾವು ಆ ಹೊಂಡಕ್ಕೆ ಕಸವೆಸೆದು ಕೈಮುಗಿದರೆ ಅದೆಂತಹ ಭಕ್ತಿ? ನೀರು ಕೆಟ್ಟ ನಾಡಿನಲ್ಲಿ ಶಾಕಂಭರಿಗೆ ಎಡೆಮಾಡಲು ಪಲ್ಯವಾದರೂ ಎಲ್ಲಿಂದ ಬರಬೇಕು? ವಾಚಕರು ವಿಚಾರಿಸಲಿ.