ದೊಣ್ಣೆವರಸೆ: ಶಿಷ್ಯನಿಂದ ಉಸ್ತಾದನವರೆಗೆ

ವಾದ್ಯಮೇಳದ ಮುಂದೆ ದಂಡವನ್ನು ಹಿಡಿದು ಗಂಭೀರವಾಗಿ ನಡೆಯುವ ನಾಯಕನನ್ನು ಕಂಡು ಬೆರಗಾಗದ ಮಕ್ಕಳುಂಟೆ? ಪಾಶ್ಚಾತ್ಯ ದೇಶಗಳಲ್ಲಿ ದಂಡ ತಿರುಗಿಸುವಿಕೆಯು ಪ್ರತ್ಯೇಕ ಕ್ರೀಡೆಯಾಗಿಯೇ ಬೆಳೆದು, ೧೯೮೦ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಅದರ ಪ್ರಥಮ ವಿಶ್ವಸ್ಪರ್ಧೆ ಜರುಗಿತು. ಆದರೆ ಕೋಲು ಚಕ್ರವಾಗುವ ಸೊಬಗನ್ನು ನೋಡಲು ಕನ್ನಡಿಗನು ಕಡಲು ದಾಟಬೇಕಾಗಿಲ್ಲ. ನಮ್ಮ ಗರಡಿಗಳ ದೊಣ್ಣೆವರಸೆಯು ಆ ವಿದ್ಯೆಯ ಹತ್ತಿರದ ನಂಟ.

ಆನೇಕಲ್ ಸೀಮೆಗೆ ಇದು ಅಪರಿಚಿತವಲ್ಲ. ಪಟ್ಟಣದಲ್ಲಿ ಧರ್ಮರಾಯಸ್ವಾಮಿಯ ಕರಗ ನಡೆಯುತ್ತದೆ. ಕರಗದೊಡನೆ ಕತ್ತಿ ಹಿಡಿದು ಸಾಗುವ ವೀರಕುಮಾರರ ಸಂಪ್ರದಾಯಕ್ಕೂ ಗರಡಿಗೂ ಹಳೆಯ ನಂಟು. ಪೂರ್ವಕ್ಕೆ ಸಮೀಪದಲ್ಲೇ ಹೊಸೂರು. ಅದು ಸಿಲಂಬದ ಕೋಲು ತಿರುಗುವ ತಮಿಳುನಾಡು.

ಗರಡಿಗೆ ಬಂದ ಹುಡುಗನಿಗೆ ಮೊದಲ ದಿನವೇ ಕೋಲು ಬೇಕು. ಆದರೆ ಅವನಿಗೆ ದೊರೆಯುವುದು ದಂಡೆ, ಬಸ್ಕಿ ಮತ್ತು ಹೆಜ್ಜೆಯ ಪಾಠ. ಕಾಲು ನೆಲೆಗೊಂಡ ಮೇಲೆಯೇ ಕೈಗೆ ಕೋಲು. ಅದನ್ನು ಬಿಗಿಯಾಗಿ ಹಿಡಿದರೆ ತಿರುಗದು. ಸಡಿಲಬಿಟ್ಟರೆ ಜಾರಿ ಮೊಣಕಾಲಿಗೆ ಬಡಿಯುತ್ತದೆ. ತೋಳಿನ ಬಲವಲ್ಲ, ಮಣಿಕಟ್ಟಿನ ಮೃದುತ್ವವೇ ಮುಖ್ಯ. ಬಲಗೈ ಬೇಗ ಕಲಿಯುತ್ತದೆ. ಎಡಗೈಗೆ ಮತ್ತೆ ಮೊದಲಿನಿಂದ ಪಾಠವಾಗಬೇಕು. ಹೀಗೆ ವರುಷಗಳು ಉರುಳಿ, ಕೋಲು ಕಣ್ಣಿಗೆ ಕಾಣದಷ್ಟು ವೇಗವಾಗಿ ಸುಳಿದಾಗ ಹುಡುಗನು ತಾನು ಎಲ್ಲವನ್ನೂ ಕಲಿತೆನೆಂದುಕೊಳ್ಳುತ್ತಾನೆ.

ಆಗ ಉಸ್ತಾದರು ಅವನಿಗೊಬ್ಬ ಎಳೆಯನನ್ನು ಒಪ್ಪಿಸುತ್ತಾರೆ. ನಿಜವಾದ ಪರೀಕ್ಷೆ ಇದೇ. ಎದುರಿಗೆ ನಿಂತು ತೋರಿಸಿದರೆ ಇವನ ಬಲ ಅವನಿಗೆ ಎಡವಾಗಿ ತೋರುತ್ತದೆ, ಪಕ್ಕದಲ್ಲಿ ನಿಲ್ಲಬೇಕು. ವೇಗವಾಗಿ ತಿರುಗಿಸಿದರೆ ಎಳೆಯನಿಗೆ ಏನೂ ತಿಳಿಯದು, ನಿಧಾನಿಸಬೇಕು. ನಿಧಾನಿಸಿದಾಗ ತನ್ನ ಕೋಲೇ ತಪ್ಪುತ್ತದೆ! ತನ್ನ ಕೈ ಇದುವರೆಗೆ ಮಾಡುತ್ತಿದ್ದುದೇನೆಂಬುದನ್ನು ಅವನು ಆಗ ಮೊದಲ ಬಾರಿ ಅರಿಯುತ್ತಾನೆ. ಕಲಿಯುವವನ ಕೋಲು ದಾರಿ ತಪ್ಪಿದರೆ ಪೆಟ್ಟು ತನಗೇ ತಗಲುವಷ್ಟು ಸಮೀಪದಲ್ಲಿ ನಿಲ್ಲುವ ಧೈರ್ಯವೂ ಬೇಕು. ತಿರುಗಿಸಬಲ್ಲವನು ಶಿಷ್ಯ; ತಿರುಗುವುದನ್ನು ಬಿಡಿಸಿ ತೋರಿಸಬಲ್ಲವನು ಉಸ್ತಾದ.

ಆದರೆ ಹುಡುಗನು ಈ ಹೊಸ್ತಿಲಿಗೆ ಬಂದು ನಿಲ್ಲುವ ವಯಸ್ಸೇ ಸಂಪಾದನೆಯ ಕರೆ ಬರುವ ವಯಸ್ಸು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳು, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳು ಆನೇಕಲ್ ತಾಲ್ಲೂಕಿನ ಮನೆಗಳಲ್ಲಿ ಒಲೆ ಉರಿಸುತ್ತವೆ. ಅದನ್ನು ಹಳಿಯುವುದು ಸಲ್ಲದು. ಆದರೆ ಪಾಳಿಯ ದುಡಿಮೆಗೆ ಮುಂಜಾನೆ ಮುಸ್ಸಂಜೆಗಳ ಭೇದವಿಲ್ಲ. ಗರಡಿಯ ಪಾಠಕ್ಕೆ ಒದಗುವ ಹೊತ್ತಾದರೋ ಅವೆರಡೇ. ಒಬ್ಬ ಶಿಷ್ಯನು ಬಿಟ್ಟುಹೋದರೆ ನಷ್ಟ ಒಬ್ಬನದು. ಉಸ್ತಾದನಾಗಬಲ್ಲವನು ಬಿಟ್ಟುಹೋದರೆ ಅವನ ಹಿಂದೆ ಬರಬೇಕಾಗಿದ್ದ ಪೀಳಿಗೆಯೇ ನಷ್ಟ.

೨೦೨೪ರ ಜನವರಿಯಲ್ಲಿ ತಮಿಳುನಾಡಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಸಿಲಂಬವು ಪ್ರದರ್ಶನ ಕ್ರೀಡೆಯಾಗಿ ಸ್ಥಾನ ಪಡೆಯಿತು. ಇಂಥ ಗೌರವವು ಮಕ್ಕಳನ್ನು ಕೋಲಿನೆಡೆಗೆ ಸೆಳೆಯಬಹುದು; ಅವರ ಕೈ ಹಿಡಿದು ತಿದ್ದಲು ಮಾತ್ರ ಮನುಷ್ಯನೇ ಬೇಕು. ಕೆಲಸದಿಂದ ಬಂದ ಮಗನು ಸಂಜೆಯ ಒಂದು ಗಂಟೆಯನ್ನು ಓಣಿಯ ಮಕ್ಕಳಿಗಾಗಿ ಕಳೆದರೆ, ಆ ಹೊತ್ತು ಹಾಳಾಯಿತೆಂದು ತಾಯ್ತಂದೆಯರು ಎಣಿಸದಿರಲಿ. ಗುರುವಿನಿಂದ ಪಡೆದ ಸಾಲವನ್ನು ಆತನು ತೀರಿಸುತ್ತಿರುವುದು ಆ ಗಂಟೆಯಲ್ಲಿಯೇ.