ನಡುಗೆರೆಯನ್ನು ಬಾಗಿಸುವ ಗೋಡೆಗಳು

ಮಂಜು ಕವಿದಾಗಲೂ ವಿಮಾನವನ್ನು ರನ್‌ವೇಯ ನಡುಗೆರೆಗೆ ತಂದು ಇಳಿಸುವ ಏರ್ಪಾಟಿನಲ್ಲಿ, ರನ್‌ವೇಯ ಆಚೆ ತುದಿಗೆ ನೆಟ್ಟಿರುವ ಲೋಕಲೈಜರ್ ಎಂಬ ಆಂಟೆನಾ ಸಾಲು 108ರಿಂದ 112 ಮೆಗಾಹರ್ಟ್ಸ್ ನಡುವಿನ ರೇಡಿಯೊ ಅಲೆಯ ಮೇಲೆ 90 ಮತ್ತು 150 ಹರ್ಟ್ಸ್‌ನ ಎರಡು ಸ್ವರಗಳನ್ನು ಹೊರಿಸಿ ಕಳುಹಿಸುತ್ತದೆ. ಇಳಿಯುತ್ತಿರುವ ವಿಮಾನ ಎಡಕ್ಕೆ ಸರಿದರೆ ಮೊದಲನೆಯ ಸ್ವರ, ಬಲಕ್ಕೆ ಸರಿದರೆ ಎರಡನೆಯದು ಪ್ರಬಲವಾಗುತ್ತದೆ. ಎರಡೂ ಸಮವಾಗಿರುವ ಕಡೆ ನಡುಗೆರೆಯಿದೆ ಎಂದು ಉಪಕರಣ ತಿಳಿಯುತ್ತದೆ.

ಹಾರಾಟಕ್ಕೆ ಅಡ್ಡಬರುವಷ್ಟು ಎತ್ತರವಿಲ್ಲದ ಕಟ್ಟಡವೂ ಈ ಸಮತೋಲವನ್ನು ಕೆಡಿಸಬಲ್ಲದು. ವಿಮಾನಗಳನ್ನು ನಿಲ್ಲಿಸುವ ಹ್ಯಾಂಗರಿನ ಅಗಲವಾದ ಲೋಹದ ಗೋಡೆ, ಒಂದೇ ಸ್ವರ ಮೇಲುಗೈ ಪಡೆದಿರುವ ಪಕ್ಕದ ಅಲೆಯನ್ನು ನಡುಗೆರೆಯತ್ತ ತಿರುಗಿಸಿದಾಗ, ಸರಿಯಾದ ಹಾದಿಯಲ್ಲೇ ಇರುವ ವಿಮಾನಕ್ಕೆ ಹಾದಿ ಬಾಗಿದಂತೆ ತೋರುತ್ತದೆ. ಈ ಬಾಗು ಬೇಗಬೇಗನೆ ಬದಲಾದರೆ ವಿಮಾನದ ಗ್ರಾಹಕವೇ ಅದನ್ನು ಸೋಸಿಬಿಡುತ್ತದೆ. ನಿಧಾನವಾಗಿ ಬದಲಾದರೆ ಮಾತ್ರ ಆಟೋಪೈಲಟ್ ಅದನ್ನೇ ನಂಬಿ ಹಿಂಬಾಲಿಸುತ್ತದೆ, ಹೆಚ್ಚು ಅಂಜಬೇಕಾದದ್ದು ಇದಕ್ಕೇ.

ಕಟ್ಟಡ ಎದ್ದುನಿಂತ ಮೇಲೆ ಅಳೆದರೆ ಹೆಚ್ಚು ಫಲವಿಲ್ಲದ್ದರಿಂದ, ನಕ್ಷೆಯ ಹಂತದಲ್ಲೇ ಕಂಪ್ಯೂಟರ್ ಸಿಮ್ಯುಲೇಶನ್ ನಡೆಸಲಾಗುತ್ತದೆ. ಫಿಸಿಕಲ್ ಆಪ್ಟಿಕ್ಸ್ ಎಂಬ ವಿಧಾನದಲ್ಲಿ ಗೋಡೆಯನ್ನು ತುಣುಕುಗಳಾಗಿ ವಿಂಗಡಿಸಿ, ಬಂದೆರಗಿದ ಅಲೆ ಪ್ರತಿ ತುಣುಕಿನಲ್ಲಿ ಹುಟ್ಟಿಸುವ ವಿದ್ಯುತ್ ಪ್ರವಾಹವನ್ನು ಲೆಕ್ಕಹಾಕಿ, ಆ ಪ್ರವಾಹಗಳು ಮರಳಿ ಸೂಸುವ ಅಲೆಗಳನ್ನು ವಿಮಾನದ ಹಾದಿಯುದ್ದಕ್ಕೂ ಕೂಡಿಸಲಾಗುತ್ತದೆ. ತುಣುಕುಗಳ ಪರಸ್ಪರ ಪ್ರಭಾವವನ್ನೂ ಗಣಿಸುವ ಮೆಥಡ್ ಆಫ್ ಮೊಮೆಂಟ್ಸ್ ಇನ್ನೂ ನಿಖರ, ಆದರೆ ಬಲು ದುಬಾರಿ: ತುಣುಕುಗಳು ಇಮ್ಮಡಿಯಾದರೆ ಬೇಕಾಗುವ ಕಂಪ್ಯೂಟರ್ ಮೆಮೊರಿ ನಾಲ್ಮಡಿಯಾಗುತ್ತದೆ. ಲೋಕಲೈಜರಿನ ತರಂಗಾಂತರ, ಅಂದರೆ ಎರಡು ಅಲೆಶಿಖರಗಳ ನಡುವಿನ ದೂರ, ಸುಮಾರು 2.7 ಮೀಟರ್ ಇರುವುದರಿಂದ ತುಣುಕುಗಳು ದೊಡ್ಡವಾಗಿದ್ದರೂ ನಡೆಯುತ್ತದೆ. ವಿಮಾನ ನಿಲ್ದಾಣದ ರಾಡಾರಿನದು 10 ಸೆಂಟಿಮೀಟರಿನ ಆಸುಪಾಸಿನದಾದ್ದರಿಂದ ಅದೇ ಗೋಡೆಗೆ 700 ಪಟ್ಟು ತುಣುಕುಗಳು ಬೇಕಾಗಿ, ಅಲೆಗಳನ್ನು ಕಿರಣಗಳೆಂದು ಭಾವಿಸುವ ಸರಳ ವಿಧಾನಗಳಿಗೆ ಮೊರೆಹೋಗಬೇಕಾಗುತ್ತದೆ. ದೋಷ ಮಿತಿ ಮೀರುವುದೆಂದು ಕಂಡುಬಂದಲ್ಲಿ ಗೋಡೆಯನ್ನು ಓರೆಯಾಗಿಸಬಹುದು, ಇಲ್ಲವೇ ಪಕ್ಕಕ್ಕೆ ಕಡಿಮೆ ಅಲೆ ಸೂಸುವಂತೆ ಆಂಟೆನಾ ಸಾಲನ್ನೇ ಅಗಲಿಸಬಹುದು.

ನಿಂತ ಗೋಡೆಯ ಲೆಕ್ಕ ಹೇಗೋ ಕೈಗೆ ಸಿಗುತ್ತದೆ. ಚಲಿಸುವ ವಸ್ತುವಿನದು ಹಾಗಲ್ಲ. 2011ರ ನವೆಂಬರ್ 3ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಸಿಂಗಪುರ್ ಏರ್‌ಲೈನ್ಸ್‌ನ ಬೋಯಿಂಗ್ 777 ಆಟೋಪೈಲಟ್‌ನ ವಶದಲ್ಲಿ ಇಳಿಯುತ್ತಿದ್ದಾಗ, ಅದೇ ರನ್‌ವೇಯಿಂದ ಮೇಲೇರಿದ ಇನ್ನೊಂದು ವಿಮಾನ ಲೋಕಲೈಜರಿನ ಸಂಕೇತವನ್ನು ಕದಡಿತು. ಬೋಯಿಂಗ್ ಎಡಕ್ಕೆ ಸರಿದು ಹುಲ್ಲಿಗಿಳಿದು, ಮತ್ತೆ ರನ್‌ವೇ ದಾಟಿ ಬಲಬದಿಯಲ್ಲಿ ನಿಂತಿತು, ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಆಂಟೆನಾದ ಮುಂದೆ ವಿಮಾನ, ವಾಹನಗಳು ಸುಳಿಯಬಾರದ ಪ್ರದೇಶದ ಎಲ್ಲೆಯನ್ನು ಗುರುತಿಸಲೂ ಇಂಥ ಸಿಮ್ಯುಲೇಶನ್ ಬಳಕೆಯಾಗುತ್ತದೆ, ಆದರೆ ಆ ಪ್ರದೇಶವನ್ನು ಪೂರ್ತಿ ತೆರವಾಗಿಡುವ, ಮಂದ ಗೋಚರತೆಯ ಹೊತ್ತಿಗೆ ಮೀಸಲಾದ ಕಟ್ಟುಪಾಡು ಅಂದು ಮ್ಯೂನಿಕ್‌ನಲ್ಲಿ ಜಾರಿಯಲ್ಲಿರಲಿಲ್ಲ.